ಬೋಳಾದ ಸಂಪಿಗೆ ಸಸಿಯನ್ನು ಕೀಳಬೇಡಿ
ಕುವೆಂಪುನಗರದ ನಮ್ಮ ಮನೆ ಮುಂದಿನ ಸಂಪಿಗೆ ಸಸಿ ಏಪ್ರಿಲ್ ಬಿಸಿಲಿಗೆ ಎಲೆ ಉದುರಿಸಿ ಬೋಳಾಗಿತ್ತು. ಕೀಳುವ ಮೊದಲು ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿದೆ. ಒಳಗೆ ಹಸಿರು! ಜೀವ ಇತ್ತು.

ತೊಂದರೆ ಇದ್ದದ್ದು ಬುಡದಲ್ಲಿ. ಗೇಣುದ್ದ ಮಣ್ಣು ಏರಿಸಿಬಿಟ್ಟಿದ್ದೆವು, ಅದರೊಳಗೆ ತೊಗಟೆ ಮೆತ್ತಗಾಗಿತ್ತು. ಕೈಯಲ್ಲೇ ಮಣ್ಣು ಬಿಡಿಸಿ, ಬೇರು ಕವಲೊಡೆಯುವ ಜಾಗ ಕಾಣುವಂತೆ ಮಾಡಿದೆ.

ದಿನಾ ಒಂದು ಚೊಂಬು ನೀರು ಹಾಕಿದರೆ ಮೇಲಿನ ಮಣ್ಣಷ್ಟೇ ನೆನೆಯುತ್ತದೆ ಅಲ್ವಾ? 3-4 ದಿನಕ್ಕೊಮ್ಮೆ ಎರಡು ಬಿಂದಿಗೆ ನಿಧಾನವಾಗಿ ಹಾಕಿ. ಬೆರಳು ಚುಚ್ಚಿದಾಗ 2 ಇಂಚು ಕೆಳಗೆ ತಂಪಿದ್ದರೆ ಬೇಡ. ಸುತ್ತ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗಬಾರದು. ಗೊಬ್ಬರ ಮಾತ್ರ ಈಗ ಬೇಡವೇ ಬೇಡ.

ಆಸರೆ ಕೋಲಿನ ದಾರವನ್ನೂ ನೋಡಿ, ನಮ್ಮದು ತೊಗಟೆಗೆ ಕಚ್ಚಿಕೊಂಡಿತ್ತು. ಜೂನ್ ಮಳೆಗೆ ತುದಿಯಲ್ಲಿ ಎರಡು ಚಿಗುರು ಬಂತು.