ಶಿಡ್ಲಘಟ್ಟದ ಬೇಸಿಗೆಯಲ್ಲಿ ಸಿಗಾರ್ ಕಾಪಾಡಿದ್ದು: ನನ್ನ ಅನುಭವ

"ನಿಮ್ಮೂರಲ್ಲಿ ಸಿಗಾರ್ ಇಟ್ಕೊಳ್ಳೋದು ಬಿಡಪ್ಪಾ, ಏಪ್ರಿಲ್ ಬಂದ್ರೆ ಒಣಗಿ ಪುಡಿಯಾಗುತ್ತೆ" ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ ಡಬ್ಬದಲ್ಲಿ ಮೂವತ್ತರ ಆಸುಪಾಸು ಸಿಗಾರ್ ಇವೆ. ಕೆಲವು ಎರಡು ಬೇಸಿಗೆ ದಾಟಿವೆ. ಒಂದರ ಮೇಲಿನ ಎಲೆಯೂ ಬಿರಿದಿಲ್ಲ.

ನಾನು ರೇಷ್ಮೆ ಸಾಕುವವನು. ತೇವ ಹಿಡಿಯುವುದು ನಮಗೆ ಹೊಸ ವಿದ್ಯೆಯಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಹುಳುವಿಗೆ ಶೇ. 70ರ ಹತ್ತಿರ ತೇವಾಂಶ ಬೇಕು, ಸಿಗಾರಿಗೂ 65ರಿಂದ 70. ಹೆಚ್ಚುಕಮ್ಮಿ ಒಂದೇ ಲೆಕ್ಕ, ಅಲ್ವಾ? ಆದರೆ ಎರಡನ್ನೂ ಒಂದೇ ಸೂರಿನಡಿ ಇಡುವ ಹಾಗಿಲ್ಲ. ನಿಕೋಟಿನ್ ಸೋಕಿದ ಸೊಪ್ಪು ತಿಂದ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ಬೇಡ ಅನ್ನುವುದು ಅದಕ್ಕೇ. ಹಾಗಾಗಿ ಡಬ್ಬ ಊರಿನ ಮನೆಯಲ್ಲಿ, ಹುಳು ತೋಟದಲ್ಲಿ. ಸಿಗಾರ್ ಹಚ್ಚುವುದು ಗೂಡು ಮಾರಿದ ಮೇಲೆ, ಮುಂದಿನ ಚಾಕಿ (ಮರಿಹುಳು) ಬರುವ ಮುಂಚಿನ ಬಿಡುವಿನಲ್ಲಿ ಮಾತ್ರ.

ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ. ಬಡಗಿಯಿಂದ ತೇಗದ ಪೆಟ್ಟಿಗೆ ಮಾಡಿಸಿದೆ, ನಾಲ್ಕು ಸಾವಿರ ಚಿಲ್ಲರೆ. ಒಣ ಮರ ಸಿಗಾರಿನ ತೇವವನ್ನೆಲ್ಲ ಕುಡಿದುಬಿಟ್ಟಿತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಮರವನ್ನು ಹದಕ್ಕೆ ತಂದರೆ ವಾರ್ನಿಷ್ ವಾಸನೆ ಹತ್ತಿತು. ಎಂಟ್ಹತ್ತು ಸಿಗಾರ್ ಕಸಕ್ಕೆ. ಒಂದೊಂದೂ ಎಂಟುನೂರು, ಸಾವಿರದ ಮಾಲು. ಆಮೇಲೆ ಆನ್‌ಲೈನಿನಲ್ಲಿ ಆರು ಸಾವಿರ ಕೊಟ್ಟು ರೆಡಿಮೇಡ್ ಪೆಟ್ಟಿಗೆ ತರಿಸಿದೆ. ಹತ್ತು ರೂಪಾಯಿ ನೋಟನ್ನು ಮುಚ್ಚಳಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಮೂರು ಕಡೆ ಬಿಗಿ, ಬಲ ಮೂಲೆಯಲ್ಲಿ ಮಾತ್ರ ನೋಟು ಸಲೀಸಾಗಿ ಜಾರಿ ಬಂತು. ಅದೀಗ ಮನೆಯಲ್ಲಿ ಸೂಜಿ ದಾರದ ಪೆಟ್ಟಿಗೆ. ಕೊನೆಗೆ ಗೆದ್ದದ್ದು ನಾನೂರು ರೂಪಾಯಿಯ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ. ಒಳಗೆ 65ರ ಬೋವೆಡಾ ಪೊಟ್ಟಣ ಎರಡು. ತೇವ ಕಮ್ಮಿಯಾದರೆ ಬಿಡುತ್ತದೆ, ಜಾಸ್ತಿಯಾದರೆ ಹೀರುತ್ತದೆ.

ತೋಟದಲ್ಲಿ ತೇವ ಅಳೆಯುವ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ಡಬ್ಬದೊಳಗೆ ನಡೆಯುವುದಿಲ್ಲ, ಅದಕ್ಕೆ ಗಾಳಿ ಆಡಬೇಕು. ಇನ್ನೂರೈವತ್ತರ ಡಿಜಿಟಲ್ ಮೀಟರ್ ಸಾಕು, ಆದರೆ ಅದನ್ನು ಸುಮ್ನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ನಾಲ್ಕು ಹನಿ ನೀರು ಬಿಡಿ. ಉಪ್ಪು ತೊಯ್ಯಬೇಕು, ಕರಗಬಾರದು. ಮೀಟರ್ ಜೊತೆ ಜಿಪ್ ಕವರಿನಲ್ಲಿ ರಾತ್ರಿಯೆಲ್ಲ ಇಟ್ಟರೆ 75 ತೋರಿಸಬೇಕು. ನನ್ನದು 69ಕ್ಕೇ ನಿಂತಿತು. ಆವತ್ತಿನಿಂದ ಆರು ಕೂಡಿಸಿ ಓದುತ್ತೇನೆ.

ನಿಜವಾದ ತಲೆನೋವು ಸೆಕೆ. 25 ಡಿಗ್ರಿ ಹತ್ತಿರ ಬಂದರೆ ಎಲೆಯೊಳಗಿನ ತಂಬಾಕು ಹುಳದ ಮೊಟ್ಟೆ ಒಡೆಯುತ್ತದೆ, ಸಿಗಾರಿನ ಮೈಮೇಲೆ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. ಒಂದು ಹುಳ ಸಾಕಿ ಬದುಕುವವನು ಇನ್ನೊಂದನ್ನು ಕೊಲ್ಲಬೇಕಾಯಿತು! ಹೊಸದಾಗಿ ಬಂದದ್ದನ್ನೆಲ್ಲ ಒಂದು ದಿನ ಫ್ರಿಡ್ಜಿನಲ್ಲಿ, ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಫ್ರಿಡ್ಜಿನಲ್ಲಿ ಇಡುತ್ತೇನೆ. ಆಮೇಲೆ ಡಬ್ಬವನ್ನು ದೊಡ್ಡ ಮಡಿಕೆಯೊಳಗಿನ ಚಿಕ್ಕ ಮಡಿಕೆಗೆ ಇಳಿಸಿ, ನಡುವೆ ಒದ್ದೆ ಮರಳು ತುಂಬುತ್ತೇನೆ. ನಮ್ಮ ಒಣ ಗಾಳಿಯೇ ಇಲ್ಲಿ ವರ. ನೀರು ಬೇಗ ಆರುತ್ತದೆ, ಮಡಿಕೆ ತಣ್ಣಗಾಗುತ್ತದೆ. ಹೊರಗೆ 35 ಇದ್ದಾಗ ಒಳಗೆ 24ರ ಆಚೀಚೆ. ಮರಳಿಗೆ ಇನ್ನೊಂದು ಪದಾರ್ಥ ಬೆರೆಸುತ್ತೇನೆ. ಅದು ನನ್ನ ಹತ್ತಿರಾನೇ ಇರಲಿ.

ಇಷ್ಟಾದ ಮೇಲೆ ರುಚಿ ತಾನಾಗಿ ಬಂತು. ಒಣ ಸಿಗಾರ್ ಬಿರುಸಾಗಿ ಉರಿದು ಬರೀ ಖಾರ ಅನಿಸುತ್ತಿತ್ತು. ಈಗ ತುದಿಯನ್ನು ಬೆಂಕಿಗೆ ಮುಟ್ಟಿಸದೆ, ತಿರುಗಿಸುತ್ತಾ ಅಂಚು ಕಾಯಿಸಿ ಹಚ್ಚುತ್ತೇನೆ. ನಿಮಿಷಕ್ಕೊಂದು ದಮ್ಮು, ಅಷ್ಟೇ. ಆತುರಪಟ್ಟರೆ ಕಹಿ. ಬಾಯಲ್ಲಾಡಿಸಿದ ಹೊಗೆಯಲ್ಲಿ ಸ್ವಲ್ಪ ಮೂಗಿನಿಂದ ಬಿಟ್ಟರೆ ಅರ್ಧ ರುಚಿ ಅಲ್ಲೇ ಸಿಗುತ್ತದೆ. ನಿಕರಾಗುವಾದ ರೊಬಸ್ಟೊ, ಅಂದರೆ ಗಿಡ್ಡ ದಪ್ಪ ಸಿಗಾರ್, ನನ್ನ ಮೆಚ್ಚಿನದು. ಮೊದಲ ಭಾಗದಲ್ಲಿ ಕರಿಮೆಣಸು, ನಡುವೆ ಹುರಿದ ಕಡಲೆಕಾಯಿ, ಆಮೇಲೆ ಬೆಲ್ಲ ಸೀದ ಪರಿಮಳ. ಗಿಡದ ತುದಿಯ ಲಿಹೇರೊ ಎಲೆ ಜಾಸ್ತಿ ಇದ್ದರೆ ಕೊನೆಗೆ ತಲೆಗೇರುತ್ತದೆ. ಒಳಗೆ ಎಳೆಯದಿದ್ದರೂ ಬಾಯಿಂದಲೇ ನಿಕೋಟಿನ್ ಇಳಿಯುತ್ತದಲ್ಲ! ಅದಕ್ಕೇ ಮುದ್ದೆ ಉಂಡ ಮೇಲೇ ನನ್ನ ಸಿಗಾರ್.

ಪಕ್ಕದಲ್ಲಿ ಏನೇನೋ ಇಟ್ಟು ನೋಡಿದೆ. ಬೆಂಗಳೂರು ನೀಲಿ ದ್ರಾಕ್ಷಿ ಪೂರಾ ಫೇಲು, ಹುಳಿಗೆ ಹೊಗೆ ಕಬ್ಬಿಣದ ರುಚಿ ಕೊಟ್ಟಿತು. ಹಾಲಿಲ್ಲದ ಬೆಲ್ಲದ ಕಾಫಿ ಚೆನ್ನ. ದಿಂಡಿಗಲ್ ಕಡೆಯ ಅಗ್ಗದ ಚುಟ್ಟಾ ಒಂದು ಕಟ್ಟು ಆರೇಳು ತಿಂಗಳು ಬೇರೆ ಡಬ್ಬದಲ್ಲಿ ಇಟ್ಟಿದ್ದೆ. ಅಮೋನಿಯಾ ಘಾಟು ಬಹುಪಾಲು ಹೋಗಿತ್ತು. ಇಪ್ಪತ್ತು ರೂಪಾಯಿಯ ಮಾಲಿಗೆ ಅದು ಕಮ್ಮಿ ಸಾಧನೆಯಲ್ಲ.

ಹೋದ ಬೇಸಿಗೆ ಅದೇ ಗೆಳೆಯರು ಬಂದಿದ್ದರು. ಒಂದೇ ಬಾಕ್ಸಿನ ಸಿಗಾರ್, ಒಂದು ನನ್ನ ಮಡಿಕೆಯದು, ಇನ್ನೊಂದು ಅವರ ನಲವತ್ತು ಸಾವಿರದ ಕರೆಂಟ್ ಕಪಾಟಿನದು. ಯಾವುದು ಎಲ್ಲಿಯದು ಅಂತ ಹೇಳದೆ ಕೊಟ್ಟೆ. ಮೂವರಲ್ಲಿ ಇಬ್ಬರು ಮಡಿಕೆಯದನ್ನೇ ಆರಿಸಿದರು. ಈಗ ಅವರಲ್ಲೊಬ್ಬ ಮಾರ್ಚ್ ಬರುತ್ತಿದ್ದ ಹಾಗೆ ತನ್ನ ದಾಸ್ತಾನು ತಂದು ನನ್ನ ಮನೆಯಲ್ಲಿ ಇಟ್ಟು ಹೋಗುತ್ತಾನೆ. ಬಾಡಿಗೆ ಹತ್ತಕ್ಕೊಂದು, ಆರಿಸುವುದು ನಾನು.