ಗೆಣ್ಣುದ್ದದ ಸಿಪಾಯಿಗೆ ಬಣ್ಣ ಹಚ್ಚುವುದು ಹೇಗೆ?

ದಸರಾ ಗೊಂಬೆ ಕೂರಿಸುವಾಗ ನಮ್ಮ ಮನೆಯಲ್ಲಿ ಕೆಳಗಿನ ಮೆಟ್ಟಿಲು ನನ್ನದು. ಮೇಲೆ ಪಟ್ಟದ ಗೊಂಬೆ, ನಡುವೆ ದಶಾವತಾರ, ಅದರ ಕೆಳಗೆ ಶೆಟ್ಟರ ಅಂಗಡಿ. ಎಲ್ಲಕ್ಕಿಂತ ಕೆಳಗೆ ನನ್ನ ಮೂವತ್ತೊಂದು ಸಿಪಾಯಿಗಳು. ಹೋದ ವರ್ಷ ಎದುರುಮನೆ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇಷ್ಟು ಸಣ್ಣದಕ್ಕೆ ಕಣ್ಣೂ ಬರೆದಿದ್ದೀಯಲ್ಲೋ!" ಎಂದರು. ಆ ಕಣ್ಣು ನೆಟ್ಟಗೆ ಬರಲು ನನಗೆ ಎರಡು ವರ್ಷ ಹಿಡಿಯಿತು. ಹೇಳಿಕೊಡುವವರು ಇರಲಿಲ್ಲ, ಅದಕ್ಕೇ ಅಷ್ಟು ದಿನ. ನಿಮಗೆ ಅಷ್ಟು ಬೇಕಾಗುವುದಿಲ್ಲ.

ಇವು ಮೇಜಿನ ಮೇಲೆ ಆಡುವ ಯುದ್ಧದಾಟದ ಕಾಯಿಗಳು. ಆಡುವವರು ಇವನ್ನು ಮಿನಿಯೇಚರ್ ಅಥವಾ ಸುಮ್ನೆ 'ಮಿನಿ' ಎನ್ನುತ್ತಾರೆ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಜ್ ನಕ್ಷೆ, ದಾಳ, ಕಾಯಿ ಇಟ್ಟುಕೊಂಡು ಅಧಿಕಾರಿಗಳಿಗೆ ಯುದ್ಧ ಕಲಿಸುವ ಆಟದ ನಿಯಮಗಳನ್ನು ಅಚ್ಚು ಹಾಕಿಸಿದ. ಆಟದ ಈಗಿನ ರೂಪಕ್ಕೆ ದೊಡ್ಡ ತವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. 1983ರಲ್ಲಿ 'ವಾರ್‌ಹ್ಯಾಮರ್', 1987ರಲ್ಲಿ 'ವಾರ್‌ಹ್ಯಾಮರ್ 40,000' ಆಟಗಳನ್ನು ತಂದ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಅಲ್ಲೇ. ಅದರ ಸುತ್ತಮುತ್ತ ಗೊಂಬೆ ಎರಕ ಹೊಯ್ಯುವ ಸಣ್ಣಪುಟ್ಟ ಕಂಪನಿಗಳು ಎಷ್ಟಿವೆ ಎಂದರೆ, ಆ ಸೀಮೆಗೆ 'ಲೆಡ್ ಬೆಲ್ಟ್' ಎಂದೇ ಅಡ್ಡಹೆಸರು. ಲೆಡ್ ಅಂದರೆ ಸೀಸ. ಮೊದಲೆಲ್ಲ ಗೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರೆಯುತ್ತಿದ್ದರು. ಹಳೆಯ ಗೊಂಬೆ ಯಾರಾದರೂ ಕೊಟ್ಟರೆ ಅರ ಹಾಕಿ ಪುಡಿ ಎಬ್ಬಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಆಟ ಆಡಲೇಬೇಕು ಅಂತೇನಿಲ್ಲ. ನಾನು ಆಡಿದ್ದು ನಾಲ್ಕೈದು ಸಲ ಇರಬಹುದು. ನನಗೆ ಬಣ್ಣದ್ದೇ ಹುಚ್ಚು.

ಮೊದಲು ಒಂದೇ ಒಂದು

ಹೆಚ್ಚು ಚಾಲ್ತಿಯಲ್ಲಿರುವ ಅಳತೆ 28 ಮಿಲಿಮೀಟರ್. ಹೆಬ್ಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಷ್ಟೋ ಹೆಚ್ಚುಕಡಿಮೆ ಅಷ್ಟು. 15 ಮಿಲಿಮೀಟರಿನವೂ ಇವೆ, 6 ಮಿಲಿಮೀಟರಿನವೂ ಇವೆ. 6ರದ್ದು ಅಕ್ಕಿಕಾಳಿನಷ್ಟೇ, ಆ ಸಹವಾಸ ಈಗಲೇ ಬೇಡ.

ಗಟ್ಟಿ ಪ್ಲಾಸ್ಟಿಕ್, ರೆಸಿನ್, ಲೋಹ, ಮೂರರಲ್ಲೂ ಸಿಗುತ್ತವೆ. ಕಲಿಯುವವರಿಗೆ ಗಟ್ಟಿ ಪ್ಲಾಸ್ಟಿಕ್ ಒಳ್ಳೆಯದು. ಕತ್ತರಿಸಲು ಸುಲಭ, ಹಗುರ, ಬಿದ್ದರೆ ಬಣ್ಣ ಏಳುವುದು ಕಡಿಮೆ. ಆದರೆ ಮನಸ್ಸಿಗೆ ಹಿಡಿದದ್ದನ್ನೇ ತೆಗೆದುಕೊಳ್ಳಿ ಎಂಬುದು ಇದಕ್ಕಿಂತ ದೊಡ್ಡ ಮಾತು. ನಾನು ಮೈಸೂರಿನವನು. ಇಂಗ್ಲೆಂಡಿನಲ್ಲಿ ಟಿಪ್ಪು ಸೈನ್ಯದ ಗೊಂಬೆಗಳನ್ನೂ ಎರೆಯುತ್ತಾರೆ ಎಂದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ತರಿಸಿದೆ. ಕಸ್ಟಮ್ಸ್ ಸುಂಕ ಕಟ್ಟುವಾಗ ನಿದ್ದೆ ಚೆನ್ನಾಗಿಯೇ ಬಂತು ಅಂತ ಹೇಳಲಾರೆ.

ಒಂದು ಬಿಡಿ ಗೊಂಬೆ, ಇಲ್ಲವೇ ಐದಾರಿರುವ ಸಣ್ಣ ಡಬ್ಬಿ ಸಾಕು. ಈ ಹವ್ಯಾಸದಲ್ಲಿ ಎಲ್ಲರ ಮನೆಯಲ್ಲೂ ಬಣ್ಣ ಕಾಣದ ಬೂದು ಗೊಂಬೆಗಳ ರಾಶಿ ಇರುತ್ತದೆ. ಕೊಳ್ಳುವುದು ಒಂದು ನಿಮಿಷದ ಕೆಲಸ, ಬಣ್ಣ ಹಚ್ಚುವುದು ಒಂದು ವಾರದ್ದು. ರಾಶಿ ಬೆಳೆಯದೆ ಏನು ಮಾಡೀತು?

ಸಾಮಾನು

ಬಣ್ಣ ಆಕ್ರಿಲಿಕ್ ಆಗಿರಲಿ. ನೀರಿನಲ್ಲಿ ಕಲಸಬಹುದು, ಬೇಗ ಒಣಗುತ್ತದೆ. ಸ್ಪೇನಿನ ವಯೇಹೊ, ಡೆನ್ಮಾರ್ಕಿನ ಆರ್ಮಿ ಪೇಂಟರ್, ಗೇಮ್ಸ್ ವರ್ಕ್‌ಶಾಪಿನವರ ಸಿಟಾಡೆಲ್ ಈ ಕೆಲಸಕ್ಕೆಂದೇ ಇರುವ ಬಣ್ಣಗಳು. ಸ್ಟೇಷನರಿ ಅಂಗಡಿಯ ಆಕ್ರಿಲಿಕ್‌ನಲ್ಲೂ ಕೈ ಪಳಗಿಸಬಹುದು. ಕಪ್ಪು, ಬಿಳಿ, ಕಂದು, ಓಕರ್ (ಮಣ್ಣುಹಳದಿ), ಕೆಂಪು, ನೀಲಿ, ಬೆಳ್ಳಿ, ಈ ಏಳು ಬಣ್ಣ ಮತ್ತು ನೆರಳಿಗೆಂದು ಕಂದು ವಾಶ್, ಅಂದರೆ ನೀರಾದ ಬಣ್ಣ, ಒಂದು ಬಾಟಲಿ. ಐವತ್ತು ಬಣ್ಣದ ಸೆಟ್ ನೋಡಿ ಮರುಳಾಗಬೇಡಿ.

ಕುಂಚದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಗೊಂಬೆ ಸಣ್ಣದು, ಹಾಗಾಗಿ ಕುಂಚವೂ ಸಣ್ಣದಿರಲಿ ಎಂದು ಮೂರು ಸೊನ್ನೆಯದನ್ನು ತರುತ್ತಾರೆ. ಅದರಲ್ಲಿ ನಾಲ್ಕು ಕೂದಲು. ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗಿಹೋಗುತ್ತದೆ. 1 ಅಥವಾ 2ನೇ ನಂಬರಿನದು ತನ್ನಿ. ಹೊಟ್ಟೆ ದಪ್ಪ ಇರಬೇಕು, ತುದಿ ಸೂಜಿಯಂತಿರಬೇಕು. ಕೂದಲು ಲೋಹದ ಕೊಳವೆಗೆ ಸೇರುವ ಜಾಗದವರೆಗೆ ಬಣ್ಣ ಏರಲು ಬಿಡಬೇಡಿ. ಅಲ್ಲಿ ಒಣಗಿದರೆ ತುದಿ ಪೊರಕೆಯಂತೆ ಕೆದರುತ್ತದೆ.

ಕುಂಚ ತೊಳೆಯುವ ಲೋಟ ಎಡಗಡೆ ಇರಲಿ, ಕಾಫಿ ಲೋಟ ಬಲಗಡೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಬಿಡಿಸುವುದು, ಅಂಟಿಸುವುದು

ಪ್ಲಾಸ್ಟಿಕ್ ಗೊಂಬೆಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಕೈಯಿಂದ ಮುರಿಯಬೇಡಿ. ಎಲೆಕ್ಟ್ರಿಷಿಯನ್‌ಗಳು ಬಳಸುವ ಸಣ್ಣ ಕಟರ್ ತೆಗೆದುಕೊಂಡು ಗೊಂಬೆಯಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಹೆರೆಯಿರಿ. ಆಮೇಲೆ ಗೊಂಬೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ತಲೆಯಿಂದ ಕಾಲಿನವರೆಗೆ ಒಂದು ಸಣ್ಣ ಏಣು ಕಾಣುತ್ತದೆ. ಅಚ್ಚಿನ ಎರಡು ಭಾಗ ಕೂಡಿದ ಗುರುತು ಅದು. ಬ್ಲೇಡಿನ ಬೆನ್ನಿನಿಂದ ಕೆರೆದು ತೆಗೆಯಿರಿ. ಈಗ ಬಿಟ್ಟರೆ ಬಣ್ಣ ಹಚ್ಚಿದ ಮೇಲೆ ಮೂಗಿನ ಪಕ್ಕ ಗಾಯದ ಹಾಗೆ ಎದ್ದು ಕಾಣುತ್ತದೆ.

ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್. ಅದು ಎರಡೂ ಬದಿಯನ್ನು ಕರಗಿಸಿ ಒಂದು ಮಾಡುತ್ತದೆ. ಲೋಹ, ರೆಸಿನ್‌ಗೆ ಅದು ನಡೆಯುವುದಿಲ್ಲ, ಸೂಪರ್ ಗ್ಲೂ ಬೇಕು. ಒಂದು ಹನಿಗಿಂತ ಜಾಸ್ತಿ ಹಾಕಬೇಡಿ. ಕೊನೆಗೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ.

ಪ್ರೈಮರ್ ಮತ್ತು ನಮ್ಮ ಮಳೆಗಾಲ

ನೇರವಾಗಿ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲ, ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತದೆ. ಅದಕ್ಕೇ ಪ್ರೈಮರ್. ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲುಗಿಸಿ, ಗೊಂಬೆಯಿಂದ 20-30 ಸೆಂಟಿಮೀಟರ್ ದೂರ ಹಿಡಿದು, ಪಕ್ಕದಿಂದ ಪಕ್ಕಕ್ಕೆ ಬೀಸುತ್ತ ಹೊಡೆಯಿರಿ. ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಬಯಲಿನಲ್ಲಿ ಮಾಡಿ, ಮಾಸ್ಕ್ ಇರಲಿ.

ಡಬ್ಬಿಯ ಮೇಲೆ ತೇವದ ಹವೆಯಲ್ಲಿ ಬಳಸಬೇಡಿ ಎಂದು ಬರೆದಿರುತ್ತದೆ. ಒಂದು ಜುಲೈ ಸಂಜೆ ಮಳೆ ಬಿಟ್ಟಿತಲ್ಲ ಅಂತ ತಾರಸಿಗೆ ಹೋಗಿ ಹನ್ನೆರಡು ಗೊಂಬೆಗೆ ಹೊಡೆದೆ. ಬೆಳಿಗ್ಗೆ ನೋಡಿದರೆ ಎಲ್ಲದರ ಮೈಮೇಲೆ ರವೆ ಉದುರಿಸಿದ ಹಾಗೆ ತರಿತರಿ. ಮುಖದಲ್ಲಿ ಮೂಗಿಲ್ಲ, ಬಾಯಿಲ್ಲ. ಲೋಹದವು, ಹಾಗಾಗಿ ಬಚಾವಾದವು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ರಾತ್ರಿಯಿಡೀ ನೆನೆಸಿ ಟೂತ್‌ಬ್ರಷ್‌ನಿಂದ ಉಜ್ಜಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲೂ ಬೇಡ, ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ನಾಲ್ಕು ತಿಂಗಳು ಕುಂಚದಲ್ಲಿ ಹಚ್ಚುವ ಪ್ರೈಮರ್ ಇಟ್ಟುಕೊಳ್ಳುವುದೇ ಜಾಣತನ.

ಒಂದು ಉಪಾಯ: ಮೊದಲು ಪೂರ್ತಿ ಕಪ್ಪು ಹೊಡೆಯಿರಿ. ಒಣಗಿದ ಮೇಲೆ ನೆತ್ತಿಯ ನೇರಕ್ಕೆ ಮೇಲಿನಿಂದ ಮಾತ್ರ ತೆಳ್ಳಗೆ ಬಿಳಿ. ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಎಂದು ಗೊಂಬೆಯೇ ತೋರಿಸಿಕೊಡುತ್ತದೆ.

ಹಾಲಿನ ಹದ

ಇಡೀ ಕೆಲಸದ ಗುಟ್ಟು ಇಲ್ಲಿದೆ. ಬಾಟಲಿಯಿಂದ ಬಂದ ಬಣ್ಣ ಮೊಸರಿನ ಹಾಗಿರುತ್ತದೆ. ಹಾಗೇ ಹಚ್ಚಿದರೆ ಅಂಗಿಯ ನೆರಿಗೆ, ಮೀಸೆ, ಗುಂಡಿ ಎಲ್ಲ ಮುಚ್ಚಿಹೋಗುತ್ತವೆ. ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ನೀರುಮಜ್ಜಿಗೆಯಾದರೆ ಹೆಚ್ಚಾಯಿತು. ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆ ಒಡೆಯದೆ ನಿಂತರೆ ಹದ ಬಂತು, ಹರಡಿದರೆ ಇನ್ನೊಂದು ಚೂರು ಬಣ್ಣ. ಮೊದಲ ಕೋಟ್ ಹಚ್ಚಿದಾಗ ತಳ ಕಾಣುತ್ತದೆ, ಗಾಬರಿ ಬೇಡ. ಒಣಗಲು ಬಿಟ್ಟು ಎರಡನೆಯದು ಹಚ್ಚಿ. ದಪ್ಪನೆಯ ಒಂದಕ್ಕಿಂತ ತೆಳ್ಳನೆಯ ಎರಡು ಯಾವಾಗಲೂ ಮೇಲು.

ನಮ್ಮ ಸೆಖೆಗೆ ತಟ್ಟೆಯ ಮೇಲಿನ ಬಣ್ಣ ಐದು ನಿಮಿಷದಲ್ಲಿ ಒಣಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್ ಇಡಿ. ಅದರ ಮೇಲೆ ಬಣ್ಣ ಕಲಸಿದರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಿಟ್ಟರೆ ಮರುದಿನಕ್ಕೂ ಸಿಗುತ್ತದೆ. ಮೇಣ ಬಳಿದ ಕಾಗದ ಬೇಡ, ಅದರಲ್ಲಿ ನೀರು ಮೇಲೇರುವುದಿಲ್ಲ.

ಒಳಗಿನಿಂದ ಹೊರಗೆ ಬನ್ನಿ. ನಾವು ಬಟ್ಟೆ ತೊಡುವ ಕ್ರಮವೇ ಇಲ್ಲೂ. ಮೊದಲು ಚರ್ಮ, ಆಮೇಲೆ ಅಂಗಿ, ಮೇಲೆ ಸೊಂಟಪಟ್ಟಿ, ಕೊನೆಗೆ ಕೈಯಲ್ಲಿರುವ ಆಯುಧ.

ಒಬ್ಬ ರಾಕೆಟ್ ಸಿಪಾಯಿ

ನನ್ನ ಮೆಚ್ಚಿನವನು ರಾಕೆಟ್ ಹಿಡಿದವನು. ಮೈಸೂರು ರಾಕೆಟ್ ಅಂದರೆ ಬಿದಿರ ಗಳುವಿಗೆ ಕಟ್ಟಿದ ಕಬ್ಬಿಣದ ಕೊಳವೆ, ಒಳಗೆ ಮದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದವು. ಗೊಂಬೆಯ ಕೊಳವೆಗೆ ಬರೀ ಬೆಳ್ಳಿ ಹಚ್ಚಿದರೆ ಸ್ಟೀಲ್ ಪಾತ್ರೆ ಕಂಡ ಹಾಗೆ ಕಾಣುತ್ತದೆ. ಬೆಳ್ಳಿಗೆ ಕಪ್ಪು ಬೆರೆಸಿ, ಕೊನೆಗೆ ಅಂಚಿಗೆ ಮಾತ್ರ ಶುದ್ಧ ಬೆಳ್ಳಿ. ಬಿದಿರಿಗೆ ಓಕರ್, ಗೆಣ್ಣು ಇರುವಲ್ಲಿ ಕಂದು ಗೆರೆ.

ಚರ್ಮದ ಬಣ್ಣದಲ್ಲಿ ನಮಗೊಂದು ತೊಡಕಿದೆ. 'ಫ್ಲೆಶ್' ಎಂದು ಬರೆದ ಬಾಟಲಿ ತೆರೆದರೆ ಹೆಚ್ಚಾಗಿ ತಿಳಿಗುಲಾಬಿ. ನಮ್ಮ ಊರಿನವನಿಗೆ ಅದನ್ನು ಹಚ್ಚಿದರೆ ಜ್ವರ ಬಂದವನಂತೆ ಕಾಣುತ್ತಾನೆ. ಕಂದಿಗೆ ಓಕರ್, ಒಂದು ಕುಂಚದ ತುದಿಯಷ್ಟು ಕೆಂಪು ಬೆರೆಸಿ. ಬೆಳಕು ಬೀಳುವ ಹಣೆ, ಮೂಗು, ಕೆನ್ನೆಗೆ ಬಿಳಿ ಬೆರೆಸಿದರೆ ಬೂದಿ ಬಳಿದಂತಾಗುತ್ತದೆ. ಅಲ್ಲಿ ಇನ್ನಷ್ಟು ಓಕರ್ ಸಾಕು.

ಟಿಪ್ಪುವಿನ ಸಿಪಾಯಿಗಳ ಅಂಗಿಯ ಮೇಲೆ ಬಬ್ರಿ, ಅಂದರೆ ಹುಲಿಪಟ್ಟೆಯ ಚಿತ್ತಾರ ಇರುತ್ತಿತ್ತು. ನೇರಳೆ ಅಂಗಿ ಹಚ್ಚಿ ಒಣಗಿದ ಮೇಲೆ ಬಿಳಿಯನ್ನು ಮಾಮೂಲಿಗಿಂತ ತುಸು ನೀರಾಗಿ ಕಲಸಿ. ಕುಂಚ ಅದ್ದಿ, ಟಿಶ್ಯೂ ಮೇಲೆ ಒಮ್ಮೆ ಒತ್ತಿ ಹೆಚ್ಚಿನದ್ದು ತೆಗೆಯಿರಿ. ತುದಿ ತಾಗಿಸಿ, ನಡುವೆ ಸ್ವಲ್ಪ ಒತ್ತಿ, ಮತ್ತೆ ಎತ್ತಿ. ಹುಣಸೆ ಎಲೆಯಷ್ಟು ಚಿಕ್ಕ ಪಟ್ಟೆ ಮೂಡುತ್ತದೆ. ಬೆನ್ನಿನಿಂದ ಶುರು ಮಾಡಿ, ಎದೆಗೆ ಬರುವಷ್ಟರಲ್ಲಿ ಕೈ ಕುದುರಿರುತ್ತದೆ. ಸಂಖ್ಯೆ ಕಡಿಮೆ ಇರಲಿ, ನಡುವೆ ನೇರಳೆ ಕಾಣಬೇಕು. ಬಣ್ಣಗಳ ಅನುಮಾನ ಬಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರದ ಮುಂದೆ ನಿಲ್ಲಿ. ಅದಕ್ಕೂ ಆಮೇಲೆ ಮರುಬಣ್ಣ ಬಳಿದಿದ್ದಾರೆ, ಹಾಗಾಗಿ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೂ ಒಂದು ಮಧ್ಯಾಹ್ನ ಕಳೆಯಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಇನ್ನು ಕಣ್ಣು. ಮುಖಕ್ಕೆ ಬಣ್ಣ ಹಚ್ಚುವಾಗಲೇ, ಎಲ್ಲಕ್ಕಿಂತ ಮೊದಲು ಬರೆದುಬಿಡಿ. ಕಣ್ಣಿನ ಗುಳಿಗೆ ಕಪ್ಪು, ಅದರೊಳಗೆ ಬಿಳಿಯ ಅಡ್ಡ ಎಳೆ. ಆಮೇಲೆ ಕಪ್ಪಿನ ಒಂದು ನಿಂತ ಗೆರೆ, ಹುಬ್ಬಿನಿಂದ ಕೆನ್ನೆಯವರೆಗೆ ದಾಟಿಹೋದರೂ ಪರವಾಗಿಲ್ಲ. ಚುಕ್ಕೆ ಇಡಲು ಹೋದರೆ ಕುಂಚ ಜಾರುತ್ತದೆ, ಗೆರೆ ಎಳೆದರೆ ಜಾರುವುದಿಲ್ಲ. ಮೇಲೆ ಕೆಳಗೆ ಉಳಿದದ್ದನ್ನು ಚರ್ಮದ ಬಣ್ಣದಿಂದ ಮುಚ್ಚಿದರೆ ಗೆರೆ ಕಣ್ಣುಗುಡ್ಡೆಯಾಗುತ್ತದೆ. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ, ಮೊಣಕೈ ಮೇಜಿಗೆ ಊರಿ. ಉಸಿರು ಬಿಟ್ಟ ಮೇಲೆ ಎಳೆಯಿರಿ.

ನೆರಳು, ಬೆಳಕು

ವಾಶ್ ಎಂದರೆ ನೀರಾದ ಬಣ್ಣ. ಇಡೀ ಗೊಂಬೆಗೆ ಹಚ್ಚಿದರೆ ತಾನಾಗಿ ಹರಿದು ನೆರಿಗೆಗಳಲ್ಲಿ ಕೂರುತ್ತದೆ, ನೆರಳು ಸಿದ್ಧ. ಎಲ್ಲಾದರೂ ಕೊಳದಂತೆ ನಿಂತರೆ ಒಣ ಕುಂಚದ ತುದಿಯಿಂದ ಹೀರಿಕೊಳ್ಳಿ, ಇಲ್ಲದಿದ್ದರೆ ಲೋಟದಡಿಯ ಕಾಫಿ ಕಲೆಯಂತೆ ಉಂಗುರ ಉಳಿಯುತ್ತದೆ. ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಆಮೇಲೆ ಉಬ್ಬಿದ ಜಾಗಗಳಿಗೆ ಮೂಲ ಬಣ್ಣವನ್ನೇ ಮತ್ತೊಮ್ಮೆ ಎಳೆಯಿರಿ, ಅಂಚಿಗೆ ಅದಕ್ಕಿಂತ ತಿಳಿಯಾದದ್ದು. ಕೂದಲು, ಸರಪಳಿ ಅಂಗಿಗಳಿಗೆ ಡ್ರೈಬ್ರಷ್ ಸಾಕು. ಹಳೆಯ ಕುಂಚಕ್ಕೆ ಬಣ್ಣ ತಾಗಿಸಿ, ಟಿಶ್ಯೂಗೆ ಒರೆಸಿ ಒರೆಸಿ ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಗೊಂಬೆಯ ಮೇಲೆ ಸವರಿ.

ನೆಲ, ವಾರ್ನಿಶ್, ಜೋಪಾನ

ಪೀಠಕ್ಕೆ ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳಿನಲ್ಲಿ ಅದ್ದಿ. ಒಣಗಿದ ಮೇಲೆ ಕಂದು, ಮೇಲೆ ಓಕರ್ ಡ್ರೈಬ್ರಷ್. ಚಹಾ ಚರಟವನ್ನು ತೊಳೆದು ಬಿಸಿಲಲ್ಲಿ ಗರಿಗರಿ ಒಣಗಿಸಿ ಉದುರಿಸಿದರೆ ತರಗೆಲೆಯೇ. ಚೆನ್ನಾಗಿ ಒಣಗದಿದ್ದರೆ ಬೂಸ್ಟು ಬರುತ್ತದೆ, ಹುಷಾರು. ಪೀಠದ ಸುತ್ತಂಚಿಗೆ ಕಪ್ಪು ಹಚ್ಚಿ. ಇಷ್ಟು ಮಾಡಿದರೆ ಸುಮಾರಾಗಿ ಹಚ್ಚಿದ ಗೊಂಬೆಯೂ ಗತ್ತಿನಿಂದ ನಿಲ್ಲುತ್ತದೆ.

ಆಡಲು ಮುಟ್ಟುವುದಾದರೆ ಮ್ಯಾಟ್ ವಾರ್ನಿಶ್ ಹಾಕಿ. ಸ್ಪ್ರೇ ಆದರೆ ಮಳೆಗಾಲದ ಎಚ್ಚರಿಕೆ ಇದಕ್ಕೂ ಸೇರಿತು, ಇಲ್ಲದಿದ್ದರೆ ಬಿಳಿ ಮಂಜು ಕವಿಯುತ್ತದೆ.

ಪೀಠದಡಿ ಸಣ್ಣ ಅಯಸ್ಕಾಂತ ಅಂಟಿಸಿ, ಕಬ್ಬಿಣದ ತಗಡು ಹಾಸಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಸಾಗಿಸುವಾಗ ಒಂದಕ್ಕೊಂದು ತಾಗುವುದಿಲ್ಲ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರೊಳಗೆ ಹಾಕಿ. ಪೀಠದ ಅಡಿಯಲ್ಲಿ ಮುಗಿಸಿದ ತಿಂಗಳು, ವರ್ಷ ಬರೆದಿಡಿ. ನನ್ನ ಮೊದಲನೆಯವನ ಅಡಿಯಲ್ಲಿ 'ಮಾರ್ಚ್ 2019' ಎಂದಿದೆ. ಅವನಿಗೆ ಒಂದು ಕಣ್ಣು ಆಕಾಶ ನೋಡುತ್ತದೆ, ಇನ್ನೊಂದು ಬೂಟು. ದಸರಾದಲ್ಲಿ ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತೇನೆ, ಅಜ್ಜಿಯ ಕಣ್ಣಿಗೆ ಬೀಳದ ಹಾಗೆ.