ಮಳೆ ಲೆಕ್ಕದಲ್ಲಿ ತಪ್ಪುವ ಐದೂವರೆ ಗಂಟೆ: ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೈಮ್‌ಝೋನ್ ಸರಿಪಡಿಸುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆದಿಟ್ಟ ಮಳೆ ಪುಸ್ತಕಕ್ಕೂ ಹವಾಮಾನ ಯಂತ್ರದ ಸಿಎಸ್‌ವಿ ಫೈಲಿಗೂ ತಾಳೆಯಾಗದಿದ್ದರೆ ಮಳೆಮಾಪಕವನ್ನು ಬೈಯುವ ಮೊದಲು ಗಡಿಯಾರ ನೋಡಿ. ಅಳತೆ ದಾಖಲಿಸುವ ಎಷ್ಟೋ ಲಾಗರ್‌ಗಳು ಸಮಯವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣಿತ ಸಮಯದಲ್ಲಿ, ಬರೆಯುತ್ತವೆ.

ಪತ್ತೆಗೆ ಬಿಸಿಲಿನ ಕಾಲಂ ಸಾಕು. ಐಎಸ್‌ಟಿ (ಭಾರತೀಯ ಪ್ರಮಾಣಿತ ಸಮಯ) 82.5 ಡಿಗ್ರಿ ರೇಖಾಂಶದ ಲೆಕ್ಕ, ಚಿಕ್ಕಮಗಳೂರು 75.8ರ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆ ಆಸುಪಾಸಿಗೆ. ಮೋಡವಿಲ್ಲದ ಒಂದು ದಿನದ ಗ್ರಾಫ್ ಎಳೆಯಿರಿ. ಬಿಸಿಲು ಏಳು ಗಂಟೆಗೇ ಏರಿ ನಿಂತಿದ್ದರೆ ಅದು ಯುಟಿಸಿ. ಸಂಜೆ ಆರಕ್ಕೆ ನಿಂತಿದ್ದರೆ ಐದೂವರೆ ಗಂಟೆಯನ್ನು ಯಾರೋ ಎರಡು ಸಲ ಕೂಡಿಸಿದ್ದಾರೆ.

ಯುಟಿಸಿ ಫೈಲನ್ನು ಯುಟಿಸಿ ಎಂದೇ ಓದಿಸಿ, ಆಮೇಲೆ ಆರ್‌ನ ಲ್ಯೂಬ್ರಿಡೇಟ್ ಪ್ಯಾಕೇಜಿನ ವಿತ್_ಟಿಝಡ್ ಫಂಕ್ಷನ್‌ನಿಂದ ‘ಏಷ್ಯಾ/ಕೋಲ್ಕತಾ’ಕ್ಕೆ ತನ್ನಿ. ಇದರಿಂದ ಕ್ಷಣ ಬದಲಾಗದು, ತೋರಿಸುವ ಗಡಿಯಾರ ಮಾತ್ರ ಬದಲಾಗುತ್ತದೆ. ಫೋರ್ಸ್_ಟಿಝಡ್ ಇದರ ತಿರುಗುಮುರುಗು: ಅಂಕಿ ಹಾಗೇ ಉಳಿದು ಕ್ಷಣವೇ ಸರಿಯುತ್ತದೆ. ಐಎಸ್‌ಟಿ ಸಮಯವನ್ನು ತಪ್ಪಾಗಿ ಯುಟಿಸಿ ಎಂದು ಓದಿಸಿಬಿಟ್ಟಾಗ ಮಾತ್ರ ಅದು ಬೇಕು. ‘ಐಎಸ್‌ಟಿ’ ಎಂದು ಟೈಮ್‌ಝೋನ್ ಕೊಡಬೇಡಿ. ಇಸ್ರೇಲ್‌ಗೂ ಐರ್ಲೆಂಡ್‌ಗೂ ಅದೇ ಅಕ್ಷರಗಳಿವೆ. ‘ಇಟಿಸಿ/ಜಿಎಂಟಿ-5’ ಅಂತೂ ಬೇಡವೇ ಬೇಡ: ಅಲ್ಲಿ ಮೈನಸ್ ಎಂದರೆ ಪ್ಲಸ್, ಸಾಲದ್ದಕ್ಕೆ ಅರ್ಧ ಗಂಟೆಗೆ ಜಾಗವೇ ಇಲ್ಲ.

ಇನ್ನು ದಿನದ ಮೊತ್ತ. ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ, ಅಂದರೆ ಯುಟಿಸಿ 3:00ಕ್ಕೆ. ಮೊತ್ತ ಅಳೆದ ದಿನದ ತಾರೀಖಿಗೆ ಸೇರುತ್ತದೆ. ಐಎಸ್‌ಟಿ ಸಮಯದಿಂದ 30600 ಸೆಕೆಂಡ್ ಕಳೆದು, ತಾರೀಖು ತೆಗೆದು, ಒಂದು ದಿನ ಕೂಡಿಸಿ. ಜುಲೈ 15ರ ಯುಟಿಸಿ 4:00ರ ಮಳೆ ನಮ್ಮಲ್ಲಿ 9:30ರದ್ದು, ಸೇರಬೇಕಾದ್ದು 16ಕ್ಕೆ. ಅದನ್ನೇ ಐಎಸ್‌ಟಿ ಎಂದು ಓದಿದರೆ 15ಕ್ಕೆ ಬೀಳುತ್ತದೆ. ಲಾಗರ್ ಅವಧಿ ಮುಗಿದ ಸಮಯ ಬರೆಯುವಂಥದ್ದಾದರೆ ಇನ್ನೊಂದು ಸೆಕೆಂಡ್ ಹೆಚ್ಚಿಗೆ ಕಳೆಯಿರಿ, ಇಲ್ಲದಿದ್ದರೆ ಸರಿಯಾಗಿ 8:30ರ ಸಾಲು ಮರುದಿನಕ್ಕೆ ಜಾರುತ್ತದೆ.

ತಾರೀಖು ತೆಗೆಯುವ ಆ್ಯಸ್.ಡೇಟ್ ಫಂಕ್ಷನ್‌ಗೆ ಟೈಮ್‌ಝೋನ್ ಕೊಟ್ಟೇ ಕೊಡಿ. ಆರ್‌ನ ಹಳೆಯ ಆವೃತ್ತಿಗಳು ಹೇಳದಿದ್ದರೆ ಯುಟಿಸಿ ಹಿಡಿಯುತ್ತವೆ. ಬೆಳಗಿನ ಐದೂವರೆಯೊಳಗಿನದೆಲ್ಲ ಹಿಂದಿನ ದಿನಕ್ಕೆ ಹೋಗುತ್ತದೆ.

ಲಂಡನ್‌ನ ರೋಬಸ್ಟಾ ಧಾರಣೆಯನ್ನೂ ಜೋಡಿಸುವವರು ‘ಯುರೋಪ್/ಲಂಡನ್’ ಎಂದೇ ಬರೆಯಿರಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ನಾಲ್ಕೂವರೆ ಗಂಟೆ, ಉಳಿದಂತೆ ಐದೂವರೆ.